‘ರಿಸೈಡ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ವಾಕ್ಯದಲ್ಲಿ ಬಳಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅರ್ಜಿಯೊಂದರಲ್ಲಿ ‘ಐ ಆ್ಯಮ್ ರಿಸೈಡಿಂಗ್ ಇನ್ ದಿಸ್ ಹೌಸ್ ಸಿನ್ಸ್ ಏಟ್ ಇಯರ್ಸ್’ ಎಂದು ಬರೆದಿದ್ದೀರಿ. ಅದನ್ನು ನೋಡಿದ ಸ್ನೇಹಿತರು ತಪ್ಪು ಎಂದರು, ಏಕೆಂದು ಮಾತ್ರ ಹೇಳಲಿಲ್ಲ. ‘ರಿಸೈಡ್’ ಎಂದರೆ ವಾಸಿಸು ತಾನೇ, ಮತ್ತೆ ಅದನ್ನು ಬಳಸುವುದು ಹೇಗೆ ಎಂಬುದು ನಿಮ್ಮ ಗೊಂದಲ.

ಮೊದಲು ಒಂದು ಸಮಾಧಾನದ ಮಾತು. ಆ ವಾಕ್ಯದಲ್ಲಿ ಮೂರು ತೊಡಕುಗಳಿವೆ. ಮೂರೂ ಕನ್ನಡ ಚೆನ್ನಾಗಿ ಬಲ್ಲವರೇ ಮಾಡುವಂಥವು. ಕನ್ನಡದಲ್ಲಿ ಏನೂ ಕೊರತೆಯಿಲ್ಲದ ವಾಕ್ಯವೊಂದಕ್ಕೆ ನೀವು ಇಂಗ್ಲಿಷಿನ ಅಂಗಿ ತೊಡಿಸಿದ್ದೀರಿ. ತೋಳು ಮಾತ್ರ ಉದ್ದವಾಗಿದೆ.

ನಾನು ಅನುವಾದ ಮಾಡಿ ಬದುಕುವವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಳಾಸ ಬದಲಾಯಿಸಿಕೊಳ್ಳಲು ನಾನೇ ಒಂದು ಪತ್ರ ಬರೆದಿದ್ದೆ, ಹೆಚ್ಚುಕಡಿಮೆ ನಿಮ್ಮದೇ ವಾಕ್ಯ. ನಮ್ಮ ಕರಡುಗಳನ್ನು ತಿದ್ದುತ್ತಿದ್ದ ಹಿರಿಯರು ಅದನ್ನು ಓದಿ, ಕನ್ನಡಕ ಹಣೆಗೇರಿಸಿ, “ಮನೆಗೆ ಫೋನ್ ಮಾಡಿ ‘ಅಮ್ಮಾ, ನಾನು ಸದರಿ ಮನೆಯಲ್ಲಿ ವಾಸವಾಗಿರುತ್ತೇನೆ’ ಎಂದು ಹೇಳುತ್ತೀರಾ?” ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಪೆನ್ಸಿಲಿನಿಂದ ‘ರಿಸೈಡಿಂಗ್’ ಹೊಡೆದುಹಾಕಿ ‘ಲಿವ್’ ಎಂದು ತಿದ್ದತೊಡಗಿದರು. ಆದರೆ ಅದೇ ಹಾಳೆಯ ಮೇಲ್ತುದಿಯಲ್ಲಿ, ನನ್ನ ಹೆಸರು, ವಯಸ್ಸಿನ ಪಕ್ಕದಲ್ಲಿ, ‘ರಿಸೈಡಿಂಗ್ ಅಟ್’ ಎಂದಿದ್ದುದನ್ನು ಮುಟ್ಟಲಿಲ್ಲ. ಅದೇಕೆ ಉಳಿಯಿತು ಎಂದು ಕೇಳಿದರೆ, “ಅದು ಕಾಗದದ ಮಾತು, ಕಾಗದದಲ್ಲೇ ಇರಲಿ” ಎಂದರು.

‘ರಿಸೈಡ್’ ಬಗ್ಗೆ ತಿಳಿಯಬೇಕಾದ್ದರಲ್ಲಿ ಅರ್ಧ ಅಲ್ಲಿಯೇ ಇದೆ. ಅರ್ಥ ‘ವಾಸಿಸು’ ಎಂಬುದು ನಿಜ. ಆದರೆ ನಾವು ದಿನಬಳಕೆಯಲ್ಲಿ ‘ವಾಸಿಸು’ ಎನ್ನುವುದಾದರೂ ಎಷ್ಟು ಸಲ? ‘ನೀವು ಎಲ್ಲಿರುತ್ತೀರಿ?’ ಎಂದು ಕೇಳುತ್ತೇವೆ. ‘ಎಲ್ಲಿ ವಾಸಿಸುತ್ತೀರಿ?’ ಎಂದು ಕೇಳಿದರೆ ಎದುರಿಗಿದ್ದವರು ಈತ ಜನಗಣತಿಗೆ ಬಂದವನೇ ಎಂದು ನೋಡುತ್ತಾರೆ. ‘ವೇರ್ ಡು ಯು ಲಿವ್?’ ಮತ್ತು ‘ವೇರ್ ಡು ಯು ರಿಸೈಡ್?’ ನಡುವೆ ಇರುವುದು ಇಷ್ಟೇ ದೂರ. ಮೊದಲನೆಯದು ಪರಿಚಯದ ಪ್ರಶ್ನೆ, ಎರಡನೆಯದು ವಿಚಾರಣೆಯ ಪ್ರಶ್ನೆ.

ಆದ್ದರಿಂದ ‘ರಿಸೈಡ್’ ಕಾನೂನು, ಪ್ರಮಾಣಪತ್ರ, ಸುದ್ದಿ, ಪರಿಚಯ ಟಿಪ್ಪಣಿಗಳಲ್ಲಿ ಸಲೀಸಾಗಿ ಕೂರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಲೇಖಕಿಯ ಬಗ್ಗೆ ‘ಶಿ ರಿಸೈಡ್ಸ್ ಇನ್ ಪ್ಯಾರಿಸ್’ ಎಂದಿದ್ದರೆ ಯಾರಿಗೂ ಅಡ್ಡಿಯಾಗುವುದಿಲ್ಲ. ‘ದ ಪ್ರೆಸಿಡೆಂಟ್ ರಿಸೈಡ್ಸ್ ಇನ್ ದ ವೈಟ್ ಹೌಸ್’ ಎಂಬುದೂ ಸರಿ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೆಯ ತಿದ್ದುಪಡಿ ಜನರನ್ನು ದೇಶದ ಪೌರರು ಎನ್ನುವುದರ ಜೊತೆಗೆ ‘ಆಫ್ ದ ಸ್ಟೇಟ್ ವೇರ್‌ಇನ್ ದೇ ರಿಸೈಡ್’, ಅಂದರೆ ತಾವು ವಾಸಿಸುವ ರಾಜ್ಯದ ಪೌರರೂ ಹೌದು ಎನ್ನುತ್ತದೆ. ಭಾರತದ ಸಂವಿಧಾನದ 19ನೆಯ ವಿಧಿ ‘ಟು ರಿಸೈಡ್ ಆ್ಯಂಡ್ ಸೆಟಲ್’ ಎಂದು ಎರಡು ಕ್ರಿಯಾಪದಗಳನ್ನು ಜೋಡಿಸಿದೆ. ದೇಶದ ಯಾವ ಭಾಗದಲ್ಲಾದರೂ ಇರಬಹುದು, ಅಲ್ಲಿಯೇ ನೆಲೆಯೂರಲೂಬಹುದು. ‘ರಿಸೈಡ್’ ಇರುವ ಸ್ಥಿತಿಯನ್ನು ಹೇಳಿದರೆ ‘ಸೆಟಲ್’ ಬೇರು ಬಿಡುವ ಕ್ರಿಯೆಯನ್ನು ಹೇಳುತ್ತದೆ. ಇದೇ ಎರಡು ಕಡೆ ‘ಲಿವ್’ ಹಾಕಿ ಓದಿ ನೋಡಿ. ಅರ್ಥ ಕೆಡುವುದಿಲ್ಲ, ಗತ್ತು ಹೋಗುತ್ತದೆ.

ಇನ್ನು ನಿಮ್ಮ ವಾಕ್ಯಕ್ಕೆ ಬರುತ್ತೇನೆ. ಮೊದಲನೆಯ ತೊಡಕು ‘ಆ್ಯಮ್ ರಿಸೈಡಿಂಗ್’.

ಕನ್ನಡದಲ್ಲಿ ‘ನಾನು ಇಲ್ಲಿ ವಾಸಿಸುತ್ತೇನೆ’ ಎಂದರೆ ಏನೋ ಅರ್ಧ ಹೇಳಿದಂತಿರುತ್ತದೆ. ಇನ್ನು ಮೇಲೆ ಇಲ್ಲೇ ವಾಸಿಸುತ್ತೇನೆ ಎಂಬ ಮಾತುಕೊಟ್ಟಂತೆಯೂ ಕೇಳಬಹುದು. ಹಾಗಾಗಿ ನಮಗೆ ‘ವಾಸಿಸುತ್ತಿದ್ದೇನೆ’ ಎಂಬುದೇ ಸಹಜ. ಅಜ್ಜನ ಕಾಲದಿಂದ ಅದೇ ಮನೆಯಲ್ಲಿದ್ದರೂ ‘ವಾಸಿಸುತ್ತಿದ್ದೇವೆ’ ಎನ್ನುತ್ತೇವೆ. ಆ ‘ಉತ್ತಿದ್ದೇನೆ’ ನೇರವಾಗಿ ‘ಇಂಗ್’ ಆಗಿ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕ ತಿರುಗುಮುರುಗು. ‘ಐ ಲಿವ್ ಹಿಯರ್’ ಎಂದರೆ ನನ್ನ ಮನೆ ಇದು, ಪಾಡು ಇದು. ‘ಐ ಆ್ಯಮ್ ಲಿವಿಂಗ್ ಹಿಯರ್’ ಎಂದರೆ ಸದ್ಯಕ್ಕೆ ಇಲ್ಲಿದ್ದೇನೆ, ಮನೆ ರಿಪೇರಿಯಾಗುವ ತನಕವೋ ಕೆಲಸ ಸಿಗುವ ತನಕವೋ. ‘ಐ ಆ್ಯಮ್ ಲಿವಿಂಗ್ ವಿತ್ ಮೈ ಬ್ರದರ್’ ಎಂದವನನ್ನು ಇಂಗ್ಲಿಷ್ ಮನೆಮಾತಿನವರು ‘ಓ, ಎಲ್ಲಿಯವರೆಗೆ?’ ಎಂದು ಕೇಳಿದರೆ ಅದು ಅವರ ಕುತೂಹಲವಲ್ಲ, ಆ ‘ಇಂಗ್’ ಕೇಳಿಸಿದ ಪ್ರಶ್ನೆ.

‘ರಿಸೈಡ್’ ಈ ವಿಷಯದಲ್ಲಿ ಇನ್ನೂ ಬಿಗಿ. ಅದು ಸ್ಥಿತಿಯನ್ನು ಹೇಳುವ ಪದ, ಚಲನೆಯ ರೂಪ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ‘ಈಸ್ ಕರೆಂಟ್ಲಿ ರಿಸೈಡಿಂಗ್ ಅಬ್ರಾಡ್’ ಎಂಬಂಥದ್ದು ಬರುತ್ತದೆ, ಆದರೆ ಅಲ್ಲಿ ‘ಸದ್ಯಕ್ಕೆ’ ಎಂಬ ಅರ್ಥ ಬೇಕೆಂದೇ ಹಾಕಿರುತ್ತಾರೆ. ನೀವು ಎಂಟು ವರ್ಷದಿಂದ ಅಲ್ಲಿದ್ದೀರಿ, ‘ಸದ್ಯಕ್ಕೆ’ ನಿಮಗೇಕೆ?

ಹಾಗಾದರೆ ದಸ್ತಾವೇಜುಗಳಲ್ಲಿ ಸಾಲುಸಾಲಾಗಿ ಬರುವ ‘ರಿಸೈಡಿಂಗ್ ಅಟ್’? ಅದರ ಹಿಂದೆ ‘ಆ್ಯಮ್’ ಆಗಲಿ ‘ಈಸ್’ ಆಗಲಿ ಇಲ್ಲ ಎಂಬುದನ್ನು ಗಮನಿಸಿ. ಹೆಸರು, ವಯಸ್ಸು, ಆಮೇಲೆ ‘ರಿಸೈಡಿಂಗ್ ಅಟ್’ ಇಂಥ ವಿಳಾಸ. ಇದು ‘ವಾಸಿಸುತ್ತಿದ್ದೇನೆ’ ಅಲ್ಲ, ‘ವಾಸವಾಗಿರುವ’. ಕ್ರಿಯಾಪದದ ಬಟ್ಟೆ ತೊಟ್ಟ ವಿಶೇಷಣ. ನನ್ನ ಊಹೆ, ನಾವೆಲ್ಲ ‘ಆ್ಯಮ್ ರಿಸೈಡಿಂಗ್’ ಕಲಿತದ್ದು ಇದನ್ನು ಓದಿ ಓದಿ. ಕಾಗದದ ತುಂಡೊಂದನ್ನು ಕತ್ತರಿಸಿ ಮಾತಿಗೆ ಅಂಟಿಸಿಕೊಂಡೆವು.

ಎರಡನೆಯ ತೊಡಕು ‘ಸಿನ್ಸ್ ಏಟ್ ಇಯರ್ಸ್’. ‘ಎಂಟು ವರ್ಷಗಳಿಂದ’ ಎಂದರೂ ‘2015ರಿಂದ’ ಎಂದರೂ ನಮಗೆ ‘ಇಂದ’ ಒಂದೇ. ಇಂಗ್ಲಿಷ್ ಇವೆರಡನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಡುತ್ತದೆ. ಎಷ್ಟು ಕಾಲ ಎಂಬ ಅಳತೆಗೆ ‘ಫಾರ್’, ಯಾವಾಗ ಶುರುವಾಯಿತು ಎಂಬ ಗುರುತಿಗೆ ‘ಸಿನ್ಸ್’. ‘ಫಾರ್ ಏಟ್ ಇಯರ್ಸ್’, ‘ಸಿನ್ಸ್ 2015’. ಅಲ್ಲಿಂದ ಇಲ್ಲಿಯವರೆಗೆ ಎಂಬ ಎಳೆ ಇರುವಾಗ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಏಟ್ ಇಯರ್ಸ್’. ಬರೀ ‘ಐ ಲಿವ್ಡ್ ಹಿಯರ್ ಫಾರ್ ಏಟ್ ಇಯರ್ಸ್’ ಎಂದರೆ ಮನೆ ಖಾಲಿ ಮಾಡಿ ಹೋದಿರಿ ಎಂದಾಯಿತು. ಅರ್ಜಿಯಲ್ಲಿ ಈ ‘ಹ್ಯಾವ್’ ಬಿಟ್ಟರೆ ನೀವೇ ನಿಮ್ಮನ್ನು ಹೊರಗೆ ಹಾಕಿಕೊಂಡಂತೆ. ಇನ್ನೊಂದು ಮಾತು, ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಏಟ್ ಇಯರ್ಸ್’ ಕೂಡ ಸರಿಯೇ. ‘ಇಂಗ್’ ಮೇಲೆ ಅಷ್ಟು ಪ್ರೀತಿಯಿದ್ದರೆ ಅದನ್ನು ಇಲ್ಲಿ ಖರ್ಚು ಮಾಡಬಹುದು.

ಮೂರನೆಯದು ತಪ್ಪೇ ಅಲ್ಲ, ಹೊಂದಿಕೆಯ ಮಾತು. ‘ದಿಸ್ ಹೌಸ್’ ಎಂಬ ಮನೆಮಾತಿನ ಪಕ್ಕದಲ್ಲಿ ‘ರಿಸೈಡ್’ ಪೇಟ ಕಟ್ಟಿಕೊಂಡು ನಿಂತಿದೆ. ಒಂದೋ ‘ಲಿವ್ ಇನ್ ದಿಸ್ ಹೌಸ್’ ಎನ್ನಿ, ಇಲ್ಲವೇ ‘ರಿಸೈಡ್ ಅಟ್ ದ ಅಬೌವ್ ಅಡ್ರೆಸ್’ ಎನ್ನಿ.

ಈ ‘ಇನ್’, ‘ಅಟ್’ಗಳ ಕಿರಿಕಿರಿಯನ್ನೂ ಮುಗಿಸಿಬಿಡೋಣ. ಕನ್ನಡದ ‘ಅಲ್ಲಿ’ ಉದಾರಿ. ದೇಶದಲ್ಲಿ, ಬೀದಿಯಲ್ಲಿ, ವಿಳಾಸದಲ್ಲಿ, ಎಲ್ಲಕ್ಕೂ ಅದೇ ಸಾಕು. ಇಂಗ್ಲಿಷಿನಲ್ಲಿ ದೇಶ, ನಗರ, ಬಡಾವಣೆ, ಮನೆಗೆ ‘ಇನ್’. ಮನೆಯ ಸಂಖ್ಯೆ ಸಹಿತ ಪೂರ್ತಿ ವಿಳಾಸ ಕೊಟ್ಟರೆ ‘ಅಟ್’. ಬರೀ ಬೀದಿಯ ಹೆಸರಾದರೆ ಅಮೆರಿಕದವರು ‘ಆನ್’ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ‘ಇನ್’ ಎನ್ನುವುದೂ ಇದೆ. ಜನರ ಹೆಸರು ಬಂದರೆ ‘ವಿತ್’: ‘ಶಿ ರಿಸೈಡ್ಸ್ ವಿತ್ ಹರ್ ಪೇರೆಂಟ್ಸ್’. ‘ಹಿಯರ್’, ‘ದೇರ್’, ‘ಅಬ್ರಾಡ್’ ಇವುಗಳ ಹಿಂದೆ ಏನೂ ಬೇಡ. ‘ಇನ್ ಅಬ್ರಾಡ್’ ಎಂದು ಬರೆಯುವುದು ‘ವಿದೇಶದಲ್ಲಿಯಲ್ಲಿ’ ಎಂದಂತೆ.

ಇದರಲ್ಲಿ ನಿಜವಾಗಿ ಕಾಲು ಸಿಕ್ಕಿಕೊಳ್ಳುವ ಜಾಗ ಇನ್ನೊಂದಿದೆ. ಅದನ್ನು ವರ್ಷಗಟ್ಟಲೆ ಅನುವಾದ ಮಾಡಿದವರ ಕರಡಿನಲ್ಲೂ ಕಂಡಿದ್ದೇನೆ. ‘ನಾನು ವಾಸಿಸುವ ಮನೆ’ ಎನ್ನುವಾಗ ನಮ್ಮ ‘ಅಲ್ಲಿ’ ಎಲ್ಲಿ ಹೋಯಿತು? ಮನೆಯಲ್ಲಿ ವಾಸಿಸುತ್ತೇನೆ ಎಂಬ ವಾಕ್ಯ ‘ವಾಸಿಸುವ ಮನೆ’ ಆದ ಕೂಡಲೇ ವಿಭಕ್ತಿ ಪ್ರತ್ಯಯ ಸದ್ದಿಲ್ಲದೆ ಕರಗುತ್ತದೆ. ‘ಕೂರುವ ಕುರ್ಚಿ’, ‘ಬರೆಯುವ ಪೆನ್ನು’, ಎಲ್ಲ ಹಾಗೆಯೇ. ಕುರ್ಚಿಯ ಮೇಲೆ ಕೂರುತ್ತೇವೆ, ಪೆನ್ನಿನಿಂದ ಬರೆಯುತ್ತೇವೆ, ಆದರೆ ಆ ‘ಮೇಲೆ’, ‘ಇಂದ’ ಹೇಳಬೇಕಾಗಿಲ್ಲ. ಈ ಸೌಕರ್ಯ ಇಂಗ್ಲಿಷಿಗಿಲ್ಲ. ‘ದ ಹೌಸ್ ಐ ರಿಸೈಡ್’ ಎಂದರೆ ವಾಕ್ಯಕ್ಕೆ ಒಂದು ಕಾಲು ಕಮ್ಮಿ. ‘ದ ಹೌಸ್ ಐ ಲಿವ್ ಇನ್’, ‘ದ ಹೌಸ್ ವೇರ್ ಐ ಲಿವ್’, ತೀರ ಗಾಂಭೀರ್ಯ ಬೇಕಾದರೆ ‘ದ ಹೌಸ್ ಇನ್ ವಿಚ್ ಐ ರಿಸೈಡ್’. ಮೇಲೆ ಹೇಳಿದ ತಿದ್ದುಪಡಿಯ ‘ವೇರ್‌ಇನ್’ ಮಾಡುತ್ತಿರುವುದೂ ಇದೇ ಕೆಲಸ. ‘ರಿಸೈಡ್’ ಅಕರ್ಮಕ ಕ್ರಿಯಾಪದ. ಅದು ಮನೆಯನ್ನು ನೇರವಾಗಿ ಹಿಡಿಯಲಾರದು, ‘ಇನ್’ ಅಥವಾ ‘ಅಟ್’ ಕೈಹಿಡಿದು ಕರೆದೊಯ್ಯಬೇಕು.

ನನ್ನನ್ನು ಕೇಳಿದರೆ, ‘ರಿಸೈಡ್’ ನಿಜವಾಗಿ ಚೆಲುವಾಗಿ ಕಾಣುವುದು ಮನುಷ್ಯರ ವಿಳಾಸದಲ್ಲಲ್ಲ. ಅಧಿಕಾರ, ಅರ್ಥ, ಶಕ್ತಿ, ಸೊಗಸು ಇವು ಎಲ್ಲಿವೆ ಎಂದು ಹೇಳುವಾಗ ಅದಕ್ಕೆ ಸಾಟಿಯಿಲ್ಲ. ‘ದ ಪವರ್ ರಿಸೈಡ್ಸ್ ಇನ್ ದ ಪೀಪಲ್’. ಇಲ್ಲಿ ‘ಲಿವ್ಸ್’ ಎಂದರೆ ಅರ್ಥವೇ ಜಾರುತ್ತದೆ. 1789ರ ಫ್ರಾನ್ಸಿನ ಮಾನವ ಮತ್ತು ಪೌರ ಹಕ್ಕುಗಳ ಘೋಷಣೆಯ ಮೂರನೆಯ ವಿಧಿ, ಎಲ್ಲ ಸಾರ್ವಭೌಮತ್ವದ ಮೂಲ ರಾಷ್ಟ್ರದಲ್ಲಿದೆ ಎನ್ನುವಾಗ ಫ್ರೆಂಚಿನಲ್ಲಿ ಬಳಸಿದ್ದು ಇದೇ ಪದದ ಒಡಹುಟ್ಟಿದ ‘ರೆಸಿದ್’. ಅಲ್ಲಿಯವರೆಗೆ ಅರಮನೆಯಲ್ಲಿ ವಾಸವಿದ್ದ ಅಧಿಕಾರವನ್ನು ಒಂದು ಕ್ರಿಯಾಪದ ಬೇರೆ ಮನೆಗೆ ಸಾಗಿಸಿತು. ಕನ್ನಡದಲ್ಲಿ ಇಂಥ ಕಡೆ ನಾನು ‘ವಾಸಿಸು’ ಎಂದು ಬರೆಯುವುದೇ ಇಲ್ಲ. ‘ಅಧಿಕಾರ ಜನರಲ್ಲಿ ನೆಲೆಸಿದೆ’, ‘ಅಡಗಿದೆ’, ಅಥವಾ ಬರೀ ‘ಇದೆ’. ದೇವರು ಗುಡಿಯಲ್ಲಿ ‘ನೆಲೆಸಿದ್ದಾನೆ’ ಎನ್ನುವ ಆ ‘ನೆಲೆಸು’ ಇದಕ್ಕೆ ತೀರ ಹತ್ತಿರ.

ಹಾಗೆಯೇ ಸಣ್ಣ ವಾಕ್ಯಗಳಲ್ಲೂ ಅಭ್ಯಾಸ ಮಾಡಿಕೊಳ್ಳಬಹುದು. ‘ದ ಚಾರ್ಮ್ ಆಫ್ ದ ಪೊಯೆಮ್ ರಿಸೈಡ್ಸ್ ಇನ್ ಇಟ್ಸ್ ರಿದಮ್’, ಕವಿತೆಯ ಸೊಗಸು ಇರುವುದು ಅದರ ಲಯದಲ್ಲಿ. ‘ದ ಫೈನಲ್ ಡಿಸಿಷನ್ ರಿಸೈಡ್ಸ್ ವಿತ್ ದ ಕಮಿಟಿ’, ಕೊನೆಯ ತೀರ್ಮಾನ ಸಮಿತಿಗೆ ಬಿಟ್ಟದ್ದು. ನಿರ್ಧಾರ ಯಾರ ಕೈಯಲ್ಲಿದೆ ಎನ್ನುವಾಗ ‘ವಿತ್’ ಬರುವುದನ್ನು ನೋಡಿ. ಕಂಪ್ಯೂಟರಿನವರಂತೂ ಈ ಪದವನ್ನು ಸ್ವಂತ ಮಾಡಿಕೊಂಡಿದ್ದಾರೆ: ‘ದ ಫೈಲ್ ರಿಸೈಡ್ಸ್ ಆನ್ ದ ಸರ್ವರ್’. ಹಿಂದೆ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್ ಎಂಬ ತಂತ್ರಾಂಶದ ಕಾಲದಲ್ಲಿ ಕೆಲಸ ಮುಗಿದ ಮೇಲೂ ಮೆಮೊರಿಯಲ್ಲೇ ಕುಳಿತು ಕಾಯುತ್ತಿದ್ದ ಪ್ರೋಗ್ರಾಮುಗಳಿಗೆ ‘ಟರ್ಮಿನೇಟ್ ಆ್ಯಂಡ್ ಸ್ಟೇ ರೆಸಿಡೆಂಟ್’ ಎಂಬ ಹೆಸರಿತ್ತು. ಹಕ್ಕಿ ವೀಕ್ಷಕರು ವಲಸೆ ಹೋಗದ ಹಕ್ಕಿಗಳನ್ನು ‘ರೆಸಿಡೆಂಟ್’ ಎನ್ನುತ್ತಾರೆ. ತರಬೇತಿಯಲ್ಲಿರುವ ವೈದ್ಯರಿಗೆ ಆ ಹೆಸರು ಬಂದದ್ದು ಹಿಂದೆ ಅವರು ಆಸ್ಪತ್ರೆಯಲ್ಲೇ ಉಳಿದುಕೊಂಡು ಕೆಲಸ ಮಾಡುತ್ತಿದ್ದುದರಿಂದ. ಈಗ ಮನೆಗೆ ಹೋಗುತ್ತಾರೆ, ಹೆಸರು ಮಾತ್ರ ಆಸ್ಪತ್ರೆಯಲ್ಲೇ ಉಳಿದಿದೆ.

ಉಳಿಯುವುದು, ಕೂರುವುದು ಎಂಬ ಮಾತು ಸುಮ್ಮನೆ ಬರಲಿಲ್ಲ. ‘ರಿಸೈಡ್’ ಲ್ಯಾಟಿನ್ನಿನ ‘ಸೆದೇರೆ’ ಎಂಬುದರಿಂದ ಬಂದದ್ದು. ‘ಸೆದೇರೆ’ ಎಂದರೆ ಕುಳಿತುಕೊಳ್ಳು. ಮುಂದೆ ಕುಳಿತವನು ‘ಪ್ರೆಸಿಡೆಂಟ್’, ತಳದಲ್ಲಿ ಕುಳಿತದ್ದು ‘ಸೆಡಿಮೆಂಟ್’, ಉಳಿದು ಕುಳಿತದ್ದು ‘ರೆಸಿಡ್ಯೂ’. ಸಂಸ್ಕೃತದ ‘ಸದ್’ ಧಾತುವೂ ಇದೇ ಮೂಲದ್ದು. ನಾವು ದಿನವೂ ಓದುವ ಸದನ, ಸಂಸತ್ತು, ಪರಿಷತ್ತು ಅದರಿಂದ ಹುಟ್ಟಿದವು, ಉಪನಿಷತ್ತು ಕೂಡ. ಇಂಗ್ಲಿಷಿನ ‘ನೆಸ್ಟ್’ ಮತ್ತು ಸಂಸ್ಕೃತದ ‘ನೀಡ’ ಎರಡೂ ಹಕ್ಕಿಯ ಗೂಡು, ಎರಡರ ಮೂಲಾರ್ಥವೂ ಕೆಳಗೆ ಕುಳಿತುಕೊಳ್ಳುವ ತಾಣ. ಇದನ್ನು ತಿಳಿದ ಮೇಲೆ ‘ರಿಸೈಡ್’ ಏಕೆ ‘ಇಂಗ್’ಗೆ ಒಗ್ಗುವುದಿಲ್ಲ ಎಂದು ನನಗೆ ಆಶ್ಚರ್ಯವಾಗುವುದು ನಿಂತಿತು. ಭಾಷಾಶಾಸ್ತ್ರದ ಪುರಾವೆ ಎಂದು ಇದನ್ನು ಹೇಳುತ್ತಿಲ್ಲ, ನೆನಪಿಟ್ಟುಕೊಳ್ಳಲು ಒಂದು ಗೂಟ ಅಷ್ಟೇ. ಅದು ಕುಳಿತ ಪದ, ನಡೆಯುವ ಪದವಲ್ಲ.

‘ವಾಸ’ದ ಕಥೆ ಇನ್ನೂ ಮಜಾ. ‘ವಸ್’ ಎಂಬ ಧಾತು ಮತ್ತು ಇಂಗ್ಲಿಷಿನಲ್ಲಿ ‘ಇದ್ದೆ’ ಎನ್ನಲು ಬಳಸುವ ‘ವಾಸ್’ ಒಂದೇ ಬೇರಿನವು. ‘ಐ ವಾಸ್ ದೇರ್’ ಎನ್ನುವವನು ತನಗೆ ತಿಳಿಯದೆಯೇ ‘ವಾಸ’ ಎನ್ನುತ್ತಿದ್ದಾನೆ. ನಮ್ಮ ‘ಇರು’ ಅಸ್ತಿತ್ವವನ್ನೂ ವಾಸವನ್ನೂ ಒಟ್ಟಿಗೆ ಹೊರುತ್ತದಲ್ಲ, ಹಾಗೆಯೇ ಅವರಲ್ಲೂ ಒಂದು ಕಾಲದಲ್ಲಿ ಎರಡೂ ಒಂದೇ ಸೂರಿನಡಿ ಇದ್ದವು.

ಅಕ್ಕಪಕ್ಕದ ಪದಗಳನ್ನೂ ನೀವು ಕೇಳಿದ್ದೀರಿ, ಬೇಗ ಹೇಳಿಬಿಡುತ್ತೇನೆ. ‘ಇನ್‌ಹ್ಯಾಬಿಟ್’ ಸಕರ್ಮಕ; ಅದರ ಮುಂದೆ ‘ಇನ್’ ಬೇಡ. ಒಬ್ಬ ವ್ಯಕ್ತಿಗಿಂತ ಜನಾಂಗಕ್ಕೆ, ಪ್ರಾಣಿಗಳಿಗೆ ಒಪ್ಪುತ್ತದೆ: ‘ಪೋಲಾರ್ ಬೇರ್ಸ್ ಇನ್‌ಹ್ಯಾಬಿಟ್ ದ ಆರ್ಕ್ಟಿಕ್’. ‘ಐ ಇನ್‌ಹ್ಯಾಬಿಟ್ ಎ ಫ್ಲ್ಯಾಟ್’ ಎಂದರೆ ನಿಮ್ಮನ್ನು ನೀವೇ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಸೇರಿಸಿಕೊಂಡಂತೆ. ಇನ್ನೊಂದು ಮೋಸ, ‘ಇನ್‌ಹ್ಯಾಬಿಟಬಲ್’ ಎಂದರೆ ವಾಸಯೋಗ್ಯ. ಆ ‘ಇನ್’ ಇಲ್ಲ ಎಂಬ ಅರ್ಥದ್ದಲ್ಲ. ವಾಸಕ್ಕೆ ಯೋಗ್ಯವಲ್ಲದ್ದು ‘ಅನ್‌ಇನ್‌ಹ್ಯಾಬಿಟಬಲ್’. ‘ಡ್ವೆಲ್’ ಕಾವ್ಯದ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ದಾರಿ ತಪ್ಪಿಸು, ತಡಮಾಡು ಎಂಬ ಅರ್ಥವಿತ್ತು. ತಡೆದು ನಿಂತದ್ದು ಕ್ರಮೇಣ ವಾಸವಾಯಿತು. ಒಂದೇ ವಿಷಯದ ಮೇಲೆ ಮನಸ್ಸು ನಿಂತುಬಿಡುವುದನ್ನು ‘ಡ್ವೆಲ್ ಆನ್’ ಎನ್ನುವಾಗ ಆ ಹಳೆಯ ಅರ್ಥ ಇಣುಕುತ್ತದೆ. ‘ಸ್ಟೇ’ ಎಂದರೆ ತಂಗು, ಹೋಟೆಲು, ನೆಂಟರ ಮನೆ. ಆದರೆ ‘ವೇರ್ ಡು ಯು ಸ್ಟೇ?’ ಎಂದು ಮನೆ ಎಲ್ಲಿ ಎಂಬ ಅರ್ಥದಲ್ಲಿ ಕೇಳುವವರು ಭಾರತದಲ್ಲಷ್ಟೇ ಅಲ್ಲ, ಸ್ಕಾಟ್ಲೆಂಡಿನಲ್ಲೂ ಇದ್ದಾರೆ. ಆದ್ದರಿಂದ ಅದನ್ನು ತಪ್ಪೆಂದು ಗದರಿಸುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಉಚ್ಚಾರದ ಬಗ್ಗೆ ಒಂದೇ ಮಾತು. ಕನ್ನಡ ಲಿಪಿಯಲ್ಲಿ ‘ರಿಸೈಡ್’ ಎಂದು ಬರೆದರೂ ನಡುವಿನದು ‘ಸ’ ಅಲ್ಲ, ‘ಜ಼’. ಒತ್ತು ‘ಜ಼ೈ’ ಮೇಲೆ. ‘ರೆಸಿಡೆಂಟ್’ ಎನ್ನುವಾಗ ಆ ಒತ್ತು ಮೊದಲ ಅಕ್ಷರಕ್ಕೆ ಜಿಗಿಯುತ್ತದೆ.

ಈಗ ನಿಮ್ಮ ಅರ್ಜಿ. ವಿಳಾಸವನ್ನು ಮೇಲೆ ಬರೆದಿದ್ದೀರಾದರೆ, ‘ಐ ಹ್ಯಾವ್ ರಿಸೈಡೆಡ್ ಅಟ್ ದ ಅಬೌವ್ ಅಡ್ರೆಸ್ ಫಾರ್ ಏಟ್ ಇಯರ್ಸ್’ ಎಂದು ಬರೆಯಿರಿ. ಯಾವ ಅಧಿಕಾರಿಯೂ ಪೆನ್ಸಿಲ್ ಎತ್ತುವುದಿಲ್ಲ. ಅರ್ಜಿ ಕೊಟ್ಟು ಹೊರಗೆ ಬಂದಾಗ ಪಕ್ಕದಲ್ಲಿ ನಿಂತವರು ಮನೆಯ ಬಗ್ಗೆ ಕೇಳಿದರೆ ಮಾತ್ರ, ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಏಟ್ ಇಯರ್ಸ್’ ಎನ್ನಿ.